ನರ್ಸಮ್ಮ ಹೋಗದಿರಲೆಂದು ಹಾಕಿದ ಹೂವು

ನಮ್ಮೂರಿನ ಬಸ್ ಸ್ಟಾಂಡಿನಿಂದ ಆಸ್ಪತ್ರೆಯವರೆಗೆ, ರಸ್ತೆಯ ಎರಡೂ ಬದಿಗೆ, ಒಂದು ವರ್ಷ ನಾವು ಹೆಂಗಸರು ಚೆಂಡುಹೂವು ಬೆಳೆಸಿದ್ದೆವು. ಕುಡಿಯುವುದಕ್ಕೇ ನೀರಿಲ್ಲದ ವರ್ಷ ಅದು. ಈಗ ಯಾರಿಗಾದರೂ ಹೇಳಿದರೆ ಊರಿನ ಅಂದಕ್ಕಾಗಿ ಎಷ್ಟು ಕಷ್ಟಪಟ್ಟಿದ್ದೀರಿ ಎಂದು ತಲೆದೂಗುತ್ತಾರೆ. ಊರಿನ ಅಂದ ಕಟ್ಟಿಕೊಂಡು ನಮಗೇನಾಗಬೇಕಿತ್ತು? ನಾವು ಹೂ ಹಾಕಿದ್ದು ಒಬ್ಬ ನರ್ಸಮ್ಮ ಊರು ಬಿಟ್ಟು ಹೋಗಬಾರದು ಅಂತ. ಆಕೆ ಉಳಿಯಬೇಕೆಂದು ಎಲ್ಲರಿಗಿಂತ ಹೆಚ್ಚಾಗಿ ಹಂಬಲಿಸಿದವಳು ನಾನು. ನಾನಾಗ ಬಸುರಿ.

ತಾಳವಾಡಿ ಸೀಮೆಯ ಊರು ನಮ್ಮದು. ಕಚೇರಿಯ ಕಾಗದವೆಲ್ಲ ತಮಿಳು, ಮನೆಯೊಳಗಿನ ಮಾತೆಲ್ಲ ಕನ್ನಡ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಆಸ್ಪತ್ರೆ ಅಂತ ಒಂದು ಹೆಂಚಿನ ಕಟ್ಟಡವಿತ್ತು. ಡಾಕ್ಟರು ವಾರಕ್ಕೊಮ್ಮೆ ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಜ್ವರ, ಗಾಯ, ಹೆರಿಗೆ ಎಲ್ಲಕ್ಕೂ ನರ್ಸಮ್ಮನೇ ಗತಿ. ಘಾಟಿಯ ಕೆಳಗಿನಿಂದ ಬರುತ್ತಿದ್ದ ನರ್ಸಮ್ಮಂದಿರಿಗೆ ನಮ್ಮ ಚಳಿ ಹಿಡಿಸುತ್ತಿರಲಿಲ್ಲ, ನಮ್ಮ ರಾಗಿಮುದ್ದೆ ಇಳಿಯುತ್ತಿರಲಿಲ್ಲ, ಆನೆಯೆಂದರೆ ಜೀವಭಯ. ಬಂದ ಕೆಲವೇ ತಿಂಗಳಿಗೆ ಟ್ರಂಕು ಹೊರಿಸಿಕೊಂಡು ಬಸ್ಸು ಹತ್ತುತ್ತಿದ್ದರು.

ನನ್ನ ಮೊದಲ ಬಸುರಿನಲ್ಲಿ ಆಸ್ಪತ್ರೆಗೆ ಬೀಗ ಬಿದ್ದಿತ್ತು. ಹಿಂದಿನವರು ಹೋಗಿದ್ದರು, ಮುಂದಿನವರು ಬಂದಿರಲಿಲ್ಲ. ನೋವು ಶುರುವಾಗಿ ಒಂದು ಹಗಲು ಕಳೆದ ಮೇಲೆ ಸೂಲಗಿತ್ತಿ ಕೈಚೆಲ್ಲಿದಳು. ಚಾಮರಾಜನಗರದ ಬಸ್ಸು ಆಗಲೇ ಹೋಗಿತ್ತು. ಸಿಕ್ಕಿದ್ದು ಸತ್ಯಮಂಗಲಕ್ಕೆ ಇಳಿಯುವ ಬಿದಿರಿನ ಲಾರಿ. ಘಾಟಿ ಇಳಿಯುವ ಮೊದಲೇ, ದಿಂಬಂನಲ್ಲಿ, ಟೀ ಅಂಗಡಿಯ ಹಿಂದೆ ಮಗು ಹುಟ್ಟಿತು. ಉಸಿರಿರಲಿಲ್ಲ. ಅಂಗಡಿಯವನ ಹೆಂಡತಿ ತನ್ನ ಒಗೆದಿಟ್ಟ ಸೀರೆ ತಂದು ಕೊಟ್ಟಳು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಇಷ್ಟವಿಲ್ಲ.

ಮತ್ತೆ ಬಸುರಾಗುವುದಕ್ಕೆ ಮೂರು ವರ್ಷ ಬೇಕಾಯಿತು. ಆ ವರ್ಷ ದೀಪಾವಳಿ ಕಳೆದ ಮೇಲೆ ಹೊಸ ನರ್ಸಮ್ಮ ಬಂದರು. ತೆಳ್ಳನೆಯ ಹೆಂಗಸು, ಮೂವತ್ತರ ಒಳಗೆ, ಎಣ್ಣೆ ಹಾಕಿ ಬಿಗಿದ ಜಡೆ. ಕೈ ಮಾತ್ರ ಬೆಚ್ಚಗೆ. ನಮ್ಮತ್ತೆ ನನ್ನನ್ನು ತೋರಿಸಲು ಕರೆದುಕೊಂಡು ಹೋದಾಗ ಆಕೆ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು ಸುಮ್ಮನೆ ಬಹಳ ಹೊತ್ತು ಕೂತಿದ್ದರು. ಈ ಕೈಯೇ ನನ್ನ ಮಗುವನ್ನು ಎತ್ತಬೇಕು ಅಂತ ನನಗೆ ಅಲ್ಲೇ ಅನ್ನಿಸಿತು. ಆಮೇಲೆ ಆಕೆ ಕೈ ತೊಳೆದುಕೊಂಡು ಜಗಲಿಗೆ ಬಂದು ರಸ್ತೆ ನೋಡುತ್ತಾ, ಟ್ರಾನ್ಸ್‌ಫರಿಗೆ ಬರೆದಿದ್ದೇನೆ ಅಂದರು. ಒಳಗೆ ಹೋಗಲು ತಿರುಗುತ್ತಾ, ತಮ್ಮಷ್ಟಕ್ಕೆ ತಾವೇ, "ಎನ್ನ ಊರು ಇದು? ಪಾಕ್ಕ ಒರು ಪೂ ಕೂಡ ಇಲ್ಲೆ" ಅಂದರು. ಇದೆಂಥ ಊರು, ನೋಡೋದಕ್ಕೆ ಒಂದು ಹೂವೂ ಇಲ್ಲ ಅಂತ.

ನಮ್ಮತ್ತೆಗೆ ತಮಿಳು ಚೆನ್ನಾಗಿಯೇ ಬರುತ್ತಿತ್ತು. ಆದರೆ ಅವರು ಆ ಎರಡು ಮಾತನ್ನೂ ಸೇರಿಸಿ ಗಂಟು ಹಾಕಿಬಿಟ್ಟರು. ದಾರಿಯುದ್ದಕ್ಕೂ ಮಾತಾಡದವರು ಮನೆ ಬಾಗಿಲಲ್ಲಿ ನಿಂತು, "ಕೇಳಿದ್ಯಾ? ಊವಿಲ್ಲ ಅಂತ ಓಯ್ತಾಳಂತೆ ಕಣವ್ವ" ಅಂದರು. "ಊವ್ಗೇನು ಬರ ಬಂದದಾ? ಆಕ್ಬುಡಮ."

ಅತ್ತೆ ಹಾಗೆಯೇ. ಯಾವ ಕಷ್ಟಕ್ಕೂ ಅವರ ಹತ್ತಿರ ಒಂದು ಕೆಲಸವಿರುತ್ತಿತ್ತು, ಅಳುವುದಕ್ಕೆ ಪುರಸೊತ್ತು ಕೊಡುತ್ತಿರಲಿಲ್ಲ. ದಿಂಬಂನಿಂದ ಬರಿಗೈಯಲ್ಲಿ ವಾಪಸು ಬಂದಾಗಲೂ ನನ್ನ ಮುಂದೆ ಒಂದು ಮೊರ ಅವರೆಕಾಳು ಸುರಿದು ಆರಿಸು ಅಂದಿದ್ದರು. ನಾನಾಗ ಅವರನ್ನು ಮನಸ್ಸಿನಲ್ಲೇ ಶಪಿಸಿದ್ದೆ. ಆಮೇಲೆ ಒಂದು ದಿನ ಕೊಟ್ಟಿಗೆಯಲ್ಲಿ ಎಮ್ಮೆಯ ಕುತ್ತಿಗೆಗೆ ಮುಖವಿಟ್ಟು ಅವರು ಅಳುತ್ತಿದ್ದುದನ್ನು ನೋಡಿದೆ.

ಮಾರನೆಯ ದಿನ ಹಿಟ್ಟಿನ ಮಿಷಿನ್ನಿನ ಮುಂದೆ ರಾಗಿ ಬೀಸಿಸಲು ಬಂದ ಹೆಂಗಸರಿಗೆಲ್ಲ ವಿಷಯ ಹೇಳಿಯಾಯಿತು. ಯಾರೂ ನಗಲಿಲ್ಲ. ಯಾರ ಮನೆಯಲ್ಲಿ ನೋಡಿದರೂ ಒಬ್ಬ ಬಸುರಿಯೋ ಬಾಣಂತಿಯೋ ಇದ್ದೇ ಇದ್ದರು. ಆಯುಧಪೂಜೆಗೆ ಕಟ್ಟಿದ್ದ ಚೆಂಡುಹೂವಿನ ಹಾರಗಳು ಬಾಗಿಲ ಮೇಲೆ, ನೇಗಿಲ ಮೇಲೆ ಒಣಗಿ ನೇತಾಡುತ್ತಿದ್ದವು. ಅವನ್ನೇ ಉದುರಿಸಿ ಬೀಜ ಮಾಡಿಕೊಂಡೆವು. ಬಸ್ ಸ್ಟಾಂಡು ಅಂದರೆ ಒಂದು ಆಲದ ಮರ, ಒಂದು ಕಲ್ಲಿನ ಕಟ್ಟೆ, ಸುತ್ತ ಬೀಡಿ ತುಂಡು, ಸಗಣಿ, ಒಡೆದ ಸೀಸೆ. ಎಲ್ಲ ಬಾಚಿ, ಅಗೆದು, ಗೊಬ್ಬರ ಹರಡಿ, ಆಡು ನುಗ್ಗದಂತೆ ಮುಳ್ಳಿನ ಬೇಲಿ ಕಟ್ಟಿದೆವು. ಕೂಲಿಗೆ ಹೋಗುವ ಮನೆಗಳ ಹೆಂಗಸರೂ ಬಂದರು, ಹೊಲ ಇರುವ ಮನೆಗಳವರೂ ಬಂದರು. ಬಿಂದಿಗೆಗಳು ಮಾತ್ರ ಬೇರೆ ಬೇರೆ ಸಾಲಿನಲ್ಲಿ ಇದ್ದವು. ಆ ಕಾಲ ಹಾಗಿತ್ತು, ಮುಚ್ಚಿಡುವುದಕ್ಕೇನಿದೆ.

ಇನ್ನು ಕೇಳಿ. ಇದೆಲ್ಲ ಯಾರಿಗಾಗಿಯೋ, ಅವರೇ ಮೂರನೆಯ ದಿನ ಸೆರಗು ಸಿಕ್ಕಿಸಿಕೊಂಡು ಗುದ್ದಲಿ ಹಿಡಿಯಲು ಬಂದುಬಿಟ್ಟರು! ನರ್ಸಮ್ಮನ ಊರಿನಲ್ಲಿ ಹೂದೋಟದ ಸಂಘವಂತೆ, ಹೆಂಗಸರೆಲ್ಲ ಸೇರಿ ಬೀದಿಗೆ ಗಿಡ ಹಾಕುತ್ತಾರಂತೆ, ಅಂಥದೇ ಒಂದು ಇಲ್ಲೂ ಶುರುವಾಗಿದೆ ಅಂದುಕೊಂಡು ಹಿಗ್ಗಿಹೋಗಿದ್ದರು. "ನೀಂಗ ಎಲ್ಲಾರುಂ ಸೇಂದು ಇವ್ವಳವು ನಲ್ಲಾ ಪಣ್ರೀಂಗಳೇ" ಅಂತ, ನೀವೆಲ್ಲ ಸೇರಿ ಎಷ್ಟು ಒಳ್ಳೆಯ ಕೆಲಸ ಮಾಡುತ್ತಿದ್ದೀರಲ್ಲ ಅಂತ, ಒಬ್ಬೊಬ್ಬರ ಕೈ ಹಿಡಿದು ಕುಲುಕಿದರು. ನಾವು ಮುಖ ಮುಖ ನೋಡಿಕೊಂಡೆವು. ನಿನ್ನನ್ನು ಕಟ್ಟಿಹಾಕಲು ಅಂತ ಹೇಳುವುದು ಹೇಗೆ? ಅತ್ತೆ ಕೆಮ್ಮಿ, ನೀವೇ ತಲೈವಿ, ಅಂದರೆ ಸಂಘದ ಯಜಮಾನಿ, ಆಗಬೇಕು, ಅದನ್ನೇ ಕೇಳೋಣ ಅಂತಿದ್ದೆವು ಅಂದುಬಿಟ್ಟರು. ನರ್ಸಮ್ಮ ಅಂದಿನಿಂದ ಬೆಳಗ್ಗೆ ಎಲ್ಲರಿಗಿಂತ ಮುಂಚೆ ಬಂದು ತಾವೇ ಬಿಂದಿಗೆ ಹೊರತೊಡಗಿದರು.

ಇಲ್ಲಿ ಇನ್ನೊಂದು ಎಡವಟ್ಟು ಆಯಿತು. ನಮ್ಮ ಕಡೆ ಕೆಲಸ ನಡೆಯುವುದು ಮುಯ್ಯಿಯಲ್ಲಿ. ಇವತ್ತು ನೀನು ನನ್ನ ಹೊಲಕ್ಕೆ ಬಂದರೆ ನಾಳೆ ನಾನು ನಿನ್ನ ಹೊಲಕ್ಕೆ ಬರುತ್ತೇನೆ. ಪುಕ್ಕಟೆ ಸೇವೆ ಏನಿದ್ದರೂ ದೇವರಿಗೆ ಮಾತ್ರ. ನರ್ಸಮ್ಮ ತಲೈವಿ ಆದ ಮೇಲೆ ತೋಟ ನರ್ಸಮ್ಮನದಾಯಿತು. ತೋಟ ಅವರದಾದ ಮೇಲೆ, ಅಲ್ಲಿ ಬಗ್ಗಿ ಎದ್ದ ಪ್ರತಿ ಹೆಂಗಸಿಗೂ ಅವರು ಒಂದೊಂದು ದಿನದ ಮುಯ್ಯಿ ತೀರಿಸಬೇಕಾಯಿತು. ಹೀಗೆ ಅಂತ ಯಾರೂ ಕೂತು ತೀರ್ಮಾನ ಮಾಡಲಿಲ್ಲ, ಎಲ್ಲರಿಗೂ ತಾನಾಗಿಯೇ ಹಾಗೆ ತೋರಿತು. ಹುಣಸೆಹಣ್ಣಿನ ಕಾಲ ಬಂದಾಗ, ಕೂಲಿಯ ಮನೆಯ ಒಬ್ಬ ಅಜ್ಜಿ ಸೀದಾ ಆಸ್ಪತ್ರೆಯ ಒಳಕ್ಕೇ ಹೋಗಿ, "ನಾಳೆ ನಮ್ಮಟ್ಟೀಲಿ ಉಣಸೆಣ್ಣು ಬಡೀತೀವಿ ಕಣವ್ವ, ಮುಯ್ಗೆ ಬಂದ್ಬುಡು" ಅಂತ ಕರೆದೇಬಿಟ್ಟಳು.

ನರ್ಸಮ್ಮನಿಗೆ ತಲೆಬುಡ ಅರ್ಥವಾಗಲಿಲ್ಲ. ಊಟಕ್ಕೆ ಕರೆದಿದ್ದಾಳೆ ಅಂದುಕೊಂಡು ಒಳ್ಳೆಯ ಸೀರೆ ಉಟ್ಟು ಹೋದರು. ಅಲ್ಲಿ ಕೈಗೆ ಒಂದು ಗುಂಡುಕಲ್ಲು ಕೊಟ್ಟು ರಾಶಿ ಹುಣಸೆಯ ಮುಂದೆ ಕೂರಿಸಿದರು. ಸಂಜೆಯವರೆಗೆ ಬೀಜ ಬಿಡಿಸಿ, ಉಗುರಿನ ಸಂದೆಲ್ಲ ಉರಿ ಹತ್ತಿಸಿಕೊಂಡು ಬಂದರು. ತಮ್ಮ ಮನೆಗಿಂತ ಮೊದಲು ಅಲ್ಲಿಗೆ ಹೋದರು ಅಂತ ಹೊಲದ ಮನೆಗಳವರು ಮೂಗು ಮುರಿದರು. ಅಷ್ಟೇ ಚುರುಕಾಗಿ, ನಮ್ಮನೆಗೆ ಯಾವಾಗ ಅಂತಲೂ ಕೇಳಿದರು. ಆ ಬಡಪಾಯಿ, ಇದು ಇಲ್ಲಿನ ಪದ್ಧತಿ ಇರಬೇಕೆಂದು, ಭಾನುವಾರ ಬಂತೆಂದರೆ ಮನೆಯಿಂದ ಮನೆಗೆ ಹುಣಸೆ ಬಿಡಿಸುತ್ತಾ ಹೋದರು. ಯಾರ ಮನೆಯಲ್ಲಿ ಯಾವ ಮಗುವಿಗೆ ಕೆಮ್ಮು, ಯಾರಿಗೆ ಎಷ್ಟನೆಯ ತಿಂಗಳು ಎಲ್ಲ ಗೊತ್ತಾಯಿತು. ಮುದ್ದೆ ನುಂಗುವುದೂ ಬಂತು.

ಫಾಲ್ಗುಣದ ಹೊತ್ತಿಗೆ ನೀರಿನ ಕಷ್ಟ ಮಿತಿ ಮೀರಿತು. ಕೆರೆ ಒಣಗಿ ಬಿರುಕುಬಿಟ್ಟಿತು. ಊರ ಬಾವಿಯಲ್ಲಿ ಹಗ್ಗಕ್ಕೆ ಹಗ್ಗ ಕಟ್ಟಿ ಇಳಿಸಿದರೂ ಬರುತ್ತಿದ್ದುದು ಅರ್ಧ ಕೊಡ, ಅದೂ ಕೆಂಪು ನೀರು. ಬಹಳ ದೂರದ ತೋಟದ ಬಾವಿಯಿಂದ ಹೊತ್ತು ತರಬೇಕಾಯಿತು. ಪಾತ್ರೆ ತೊಳೆದ ಮುಸುರೆ ನೀರು ಮನೆಮನೆಯಲ್ಲೂ ಎಮ್ಮೆಯ ಪಾಲು. ಅದರಲ್ಲಿ ಅರ್ಧ ಗಿಡಕ್ಕೆ ಹೋಗತೊಡಗಿದಾಗ ಗಂಡಸರು ರೇಗಿದರು. "ಎಮ್ಮೆಗಿಲ್ಲದ ನೀರು ಊವ್ಗಾ? ನಿಮ್ಗೇನು ಬುದ್ಧಿ ಕೆಟ್ಟದಾ?" ಎಂದರು ನನ್ನ ಗಂಡ. "ಎಮ್ಮೆ ಬಂದು ನನ್ನ ಎರಿಗೆ ಮಾಡ್ಸದಾ?" ಅಂದೆ. ನನ್ನ ಬಾಯಿ ಮೊದಲಿನಿಂದಲೂ ಜೋರು. ಆಮೇಲೊಂದು ರಾತ್ರಿ ಕಾಡಿನಿಂದ ಆನೆಗಳು ಬಂದು ನಾವು ತುಂಬಿಟ್ಟಿದ್ದ ಡ್ರಮ್ಮಿನ ನೀರು ಕುಡಿದು ಅರ್ಧ ಸಾಲು ತುಳಿದು ಹೋದಾಗ, ಅದೇ ಗಂಡಸರು ಹೊಲ ಕಾಯುವಂತೆ ಸರದಿ ಮೇಲೆ ಬಸ್ ಸ್ಟಾಂಡಿನಲ್ಲಿ ಮಲಗಲು ಶುರುಮಾಡಿದರು. ಅವರಿಗೂ ಹೆಂಡಿರಿದ್ದರು, ಹೆಣ್ಣುಮಕ್ಕಳಿದ್ದರು.

ನಮ್ಮ ಮನೆಯ ಹುಣಸೆಯ ದಿನ ಹಿತ್ತಲಲ್ಲಿ ಎಲ್ಲರೂ ಕೂತಿದ್ದೆವು. ನಾನು ಗೋಡೆಗೆ ಒರಗಿ ಕಾಲು ಚಾಚಿಕೊಂಡಿದ್ದೆ. ಮೊಗ್ಗು ಕಾಣಿಸಿಕೊಂಡ ಸುದ್ದಿ ಆ ಬೆಳಗ್ಗೆಯೇ ಬಂದಿತ್ತು. ಕೂಲಿಯ ಮನೆಯ ಅಜ್ಜಿಗೆ ಸಂತೋಷ ತಡೆಯಲಿಲ್ಲ. "ಇನ್ನೇನು ಊ ಬುಟ್ಟೋಯ್ತು. ಇನ್ನು ನೀನು ಓಗಕಾಯ್ತದಾ? ಊವಿಲ್ಲ ಅಂತ ತಾನೆ ನೀನು ಓಯ್ತೀನಿ ಅಂದಿದ್ದು" ಎಂದಳು. ಅತ್ತೆ ಕಣ್ಣಲ್ಲೇ ಗದರಿದರು. ಆಗಲೇ ತಡವಾಗಿತ್ತು. ನರ್ಸಮ್ಮ ಕೈಯಲ್ಲಿದ್ದ ಕಲ್ಲು ಕೆಳಗಿಟ್ಟು, ಏನು, ಏನು ಅಂತ ಕೇಳಿದರು. ಅಜ್ಜಿ ಬೀಜ ಉದುರಿಸಿದಲ್ಲಿಂದ ಹಿಡಿದು ಎಲ್ಲ ಬಿಡಿಸಿ ಹೇಳಿದಳು.

ಆಕೆ ನಗಬಹುದು, ಇಲ್ಲವೇ ಸಿಟ್ಟಾಗಬಹುದು ಅಂದುಕೊಂಡಿದ್ದೆ. ಆಕೆ ತಲೆ ತಗ್ಗಿಸಿ ಕೂತರು. ಆಮೇಲೆ, ಅಷ್ಟು ಹೊತ್ತಿಗೆ ಕಲಿತಿದ್ದ ಅರೆಬರೆ ಕನ್ನಡದಲ್ಲಿ, ಮೆಲ್ಲಗೆ ಹೇಳಿದರು. "ಹೂವುಗೋಸ್ಕರ ಅಲ್ಲ ಅಮ್ಮಾ. ನನ್ನ ಪಾಪಾ ಅಲ್ಲಿ ಇದೆ." ನಾಲ್ಕು ವರ್ಷದ ಮಗಳಂತೆ. ಗಂಡನಿಗೆ ಮಿಲ್ಲಿನ ಕೆಲಸ, ಮಗು ಅತ್ತೆಯ ಹತ್ತಿರ. ಪೊಂಗಲ್ಲಿಗೆ ಹೋದಾಗ ಮಗು ಅಜ್ಜಿಯನ್ನು ಅಮ್ಮಾ ಅಂತ ಕೂಗಿ, ಇವರನ್ನು ಯಾರೋ ಅನ್ನುವಂತೆ ನೋಡಿತಂತೆ. ನಮ್ಮತ್ತೆ ಎದ್ದು ಹೋಗಿ ಮಜ್ಜಿಗೆ ತಂದುಕೊಟ್ಟರು.

ಆ ಕಾಣದ ಮಗುವಿನ ಮೇಲೆ ನನಗೆ ಹೊಟ್ಟೆಕಿಚ್ಚು ಬಂತು. ಅದಕ್ಕೆ ಅಪ್ಪ, ಅಜ್ಜಿ, ಊರು ಎಲ್ಲ ಇದೆ. ನನ್ನ ಒಳಗಿರುವುದಕ್ಕೆ ಈ ಒಬ್ಬಳು ಬಿಟ್ಟರೆ ಯಾರಿದ್ದಾರೆ? ಹೀಗೆ ನನ್ನೊಳಗೇ ಜಗಳವಾಡುತ್ತಿದ್ದೆ. ನರ್ಸಮ್ಮ ಏಳುವಾಗ ನನ್ನ ಹತ್ತಿರ ಬಂದು, ನನ್ನ ತಲೆ ಸವರಿ, ನಿನ್ನ ಹೆರಿಗೆ ಮುಗಿಸಿಯೇ ಹೋಗುತ್ತೇನೆ ಅಂದರು. ಟ್ರಾನ್ಸ್‌ಫರ್ ಬೇಕಾದರೂ ಇಲ್ಲಿಗೆ ಬರಲು ಒಪ್ಪುವ ಇನ್ನೊಬ್ಬ ನರ್ಸ್ ಸಿಗಬೇಕಂತೆ, ಯಾರೂ ಸಿಗುವುದಿಲ್ಲ, ಹೆದರಬೇಡ ಅಂತ ನಕ್ಕರು. ನನಗೆ ನಗು ಬರಲಿಲ್ಲ.

ಯುಗಾದಿ ಹತ್ತಿರವಿತ್ತು. ಒಂದು ಬೆಳಗ್ಗೆ ಸತ್ಯಮಂಗಲದಿಂದ ಬಂದ ಬಸ್ಸಿನ ಕಂಡಕ್ಟರು ಇಳಿದವನೇ ಗಿಡಗಳ ಹತ್ತಿರ ಬಂದ. ನರ್ಸಮ್ಮನ ಮಗುವಿಗೆ ದಡಾರ ಎದ್ದಿದೆ, ಜ್ವರ ಇಳಿಯುತ್ತಿಲ್ಲ, ಮನೆಯವರು ಹೇಳಿಕಳಿಸಿದ್ದಾರೆ ಅಂದ. ನರ್ಸಮ್ಮನ ಕೈಯಲ್ಲಿ ಬಿಂದಿಗೆ ಹಾಗೇ ಇತ್ತು. ಆಕೆ ಬಸ್ಸನ್ನು ನೋಡಿದರು, ಆಮೇಲೆ ನನ್ನ ಹೊಟ್ಟೆಯನ್ನು ನೋಡಿದರು. ಬಸ್ಸು ತಿರುಗಿ ನಿಂತಿತ್ತು. ಆಕೆ ಕದಲಲೇ ಇಲ್ಲ.

ಆಗ ನನಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಅಂತ ಈಗಲೂ ಹೇಳಲಾರೆ. ಮಗು ಉರಿಯುತ್ತಾ ಮಲಗಿರುವಾಗ ಈ ಹೆಂಗಸು ನನ್ನ ಮುಖ ನೋಡುತ್ತಾ ನಿಂತಿದ್ದಾಳಲ್ಲ! ಬರಿಗೈ ಎಷ್ಟು ಭಾರ ಅಂತ ನನಗೆ ಗೊತ್ತಿತ್ತು, ಆಕೆಗೆ ಗೊತ್ತಿರಲಿಲ್ಲ. ಬಿಂದಿಗೆ ಕಿತ್ತುಕೊಂಡೆ. "ಓಗಿ ನರ್ಸಮ್ಮ. ಅತ್ತಿ ಬಸ್ಸ. ನಂದು ನಾನು ನೋಡ್ಕತೀನಿ. ನಿಮ್ಮ ಮಗೀಗೆ ಏನಾರ ಆದ್ರೆ ಆಮೇಲೆ ಈ ಊರ್ಗೆ ಕಾಲಿಡಬ್ಯಾಡಿ" ಅಂತ ಕೂಗಿಬಿಟ್ಟೆ. ಎರಡೂ ಕೈಯಿಂದ ದೂಡಿ ಬಸ್ಸಿನ ಮೆಟ್ಟಿಲು ಹತ್ತಿಸಿದೆ. ಟ್ರಂಕು ಕೂಡ ಇಲ್ಲದೆ, ಮಣ್ಣಿನ ಕಾಲಿನಲ್ಲೇ ಆಕೆ ಹೋದರು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಕಟ್ಟೆಯ ಮೇಲೆ ಕೂತು ಚೆನ್ನಾಗಿ ಅತ್ತುಬಿಟ್ಟೆ. ನಮ್ಮತ್ತೆ ಬಂದು ಪಕ್ಕದಲ್ಲಿ ಕೂತರು. ಆ ದಿನ ಅವರು ನನಗೆ ಯಾವ ಕೆಲಸವನ್ನೂ ಹೇಳಲಿಲ್ಲ.

ಮಗು ಹುಷಾರಾಯಿತು ಅಂತ ಕಂಡಕ್ಟರು ಸುದ್ದಿ ತಂದ. ನರ್ಸಮ್ಮ ರಜೆಯಲ್ಲಿದ್ದಾರಂತೆ, ಆಫೀಸಿಗೆ ಅಲೆಯುತ್ತಿದ್ದಾರಂತೆ. ಆಮೇಲೆ ಒಬ್ಬ ಆಳು ಬಂದು ಟ್ರಂಕು ತೆಗೆದುಕೊಂಡು ಹೋದ. ಆಸ್ಪತ್ರೆಗೆ ಬೀಗ ಬಿತ್ತು.

ನೀರು ಹೊರುವವರು ಒಬ್ಬೊಬ್ಬರಾಗಿ ಕಡಿಮೆಯಾದರು. ಅವರ ತಪ್ಪೇನಿಲ್ಲ, ಯಾರಿಗೋಸ್ಕರ ಹೊರುವುದು? ನನಗೆ ಮಾತ್ರ ಹಟ ಹಿಡಿಯಿತು. ದಿನ ತುಂಬಿದ ಹೊಟ್ಟೆಯಲ್ಲಿ ಚಿಕ್ಕ ಕೊಡ ಸೊಂಟಕ್ಕಿಟ್ಟುಕೊಂಡು ಹೋಗಿ ಒಂದೊಂದು ಬುಡಕ್ಕೂ ಒಂದೊಂದು ಬೊಗಸೆ ಹಾಕುತ್ತಿದ್ದೆ. ಮನೆಯಲ್ಲಿ ಸುಮ್ಮನೆ ಕೂತರೆ ಆ ಲಾರಿ, ಆ ಘಾಟಿ, ಆ ಟೀ ಅಂಗಡಿ ಕಣ್ಣಮುಂದೆ ಬರುತ್ತಿತ್ತು. ಭಯವಾಗುತ್ತಿತ್ತು, ಅದಕ್ಕೆ ಬೇರೆ ಹೆಸರಿಲ್ಲ. "ನಿಂಗೇನು ಉಚ್ಚಾ? ಇಳ್ಸು ಕೊಡವ" ಅಂತ ಅತ್ತೆ ಬೈದರು. ನಾನು ಕೇಳಲಿಲ್ಲ. ಮಾರನೆಯ ದಿನದಿಂದ ಅವರೇ ದೊಡ್ಡ ಕೊಡ ಹೊತ್ತುಕೊಂಡು ನನ್ನ ಹಿಂದೆ ಬರತೊಡಗಿದರು. ಕೂಲಿಯ ಮನೆಯ ಅಜ್ಜಿಯೂ ಬಂದಳು. ಆ ದಿನಗಳಲ್ಲಿ ಬಿಂದಿಗೆಗಳು ಒಂದೇ ಸಾಲಿನಲ್ಲಿ ನಿಂತಿದ್ದವು, ಅದನ್ನು ಯಾರೂ ಗಮನಿಸಲಿಲ್ಲ.

ಹೂವು ಬಿಟ್ಟಿತು. ಸಣ್ಣ ಹೂವು, ನೀರು ಸಾಲದ ಹೂವು, ಆದರೆ ಎರಡೂ ಬದಿಗೆ ಬಸ್ ಸ್ಟಾಂಡಿನಿಂದ ಆಸ್ಪತ್ರೆಯ ಮೆಟ್ಟಿಲವರೆಗೆ ಹಳದಿ, ಕೇಸರಿ. ಬಸ್ಸಿನವರು ಕಿಟಕಿಯಿಂದ ತಲೆ ಹೊರಹಾಕಿ ನೋಡುತ್ತಿದ್ದರು. ಬೀಗ ಹಾಕಿದ ಬಾಗಿಲ ಮುಂದೆ ಅಷ್ಟು ಹೂವು ನೋಡಲಾರದೆ ನಾನು ಮುಖ ತಿರುಗಿಸುತ್ತಿದ್ದೆ.

ಯುಗಾದಿ ಕಳೆದು ಕೆಲವು ದಿನಗಳಾಗಿದ್ದವು. ಬೆಳಗಿನ ಬಸ್ಸು ಬಂದು ನಿಂತಿತು. ಕಂಡಕ್ಟರು ಮೇಲಿನಿಂದ ಒಂದು ಟ್ರಂಕು ಇಳಿಸಿದ. ನರೆತ ಕೂದಲಿನ, ದಪ್ಪ ಕನ್ನಡಕದ ಒಬ್ಬ ಹೆಂಗಸು ಮಂಡಿ ಹಿಡಿದುಕೊಂಡು ನಿಧಾನವಾಗಿ ಇಳಿದರು. ರಸ್ತೆಯ ಆ ಬದಿ ನೋಡಿದರು, ಈ ಬದಿ ನೋಡಿದರು. "ಅವ ಪೊಯ್ ಸೊಲ್ರಾನ್ನು ನೆನಚ್ಚೇನ್" ಅಂದರು. ಅವಳು ಸುಳ್ಳು ಹೇಳುತ್ತಿದ್ದಾಳೆ ಅಂದುಕೊಂಡಿದ್ದೆ ಅಂತ.

ಅತ್ತೆ ಕೊಡ ಇಳಿಸಿ ಹತ್ತಿರ ಹೋದರು. ನಮ್ಮ ನರ್ಸಮ್ಮ ಗೊತ್ತಿದ್ದ ನರ್ಸುಗಳ ಹತ್ತಿರವೆಲ್ಲ ಹೋಗಿ ಕೇಳಿದ್ದರಂತೆ. ಆ ಕಾಡಿನ ಊರಿಗೆ ಯಾರು ಹೋಗುತ್ತಾರೆ ಅಂತ ಎಲ್ಲರೂ ಕೈಮುಗಿದರಂತೆ. ಕೊನೆಗೆ ಈ ಹೆಂಗಸಿನ ಮನೆಗೆ ಹೋಗಿ, ನೀವು ಬರಬೇಕು ಅಂತ ಅಲ್ಲಿ ರಸ್ತೆಯುದ್ದಕ್ಕೂ ಹೂವು ಹಾಕಿದ್ದಾರೆ ಅಂದರಂತೆ. ನನಗೆ ಯಾರು ಹೂವು ಹಾಕುತ್ತಾರೆ ಈ ವಯಸ್ಸಿನಲ್ಲಿ, ನೋಡಿಯೇಬಿಡೋಣ ಅಂತ ಬಂದೆ ಅಂದು ಆಕೆ ನಕ್ಕರು.

ನಾನು ದೂರದಲ್ಲೇ, ಸೊಂಟದ ಮೇಲೆ ಕೊಡ ಇಟ್ಟುಕೊಂಡು ನಿಂತಿದ್ದೆ. ಆಕೆ ಕನ್ನಡಕ ಸರಿಮಾಡಿಕೊಂಡು ನನ್ನತ್ತ ತಿರುಗಿದರು. ಟ್ರಂಕು ಅಲ್ಲೇ ಬಿಟ್ಟು ನೇರವಾಗಿ ನಡೆದು ಬಂದರು. "ಬಾಯಿ ಜೋರಿನ ಹುಡುಗಿ ಒಬ್ಬಳಿದ್ದಾಳೆ, ಇಳಿದ ಕೂಡಲೇ ಮೊದಲು ಅವಳನ್ನು ನೋಡು ಅಂದಿದ್ದಾಳೆ. ನೀನೇನಾ?" ಅಂತ ತಮಿಳಿನಲ್ಲಿ ಕೇಳಿದರು. ಆ ಹೊತ್ತು ನಾನು ಬರೀ ತಲೆಯಾಡಿಸಿದೆ. ಆಕೆ ಕೊಡ ಇಳಿಸಿ, ಅಷ್ಟು ಜನರ ಮುಂದೆ, ರಸ್ತೆಯಲ್ಲೇ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟರು.

ಅದೇ ವಾರ, ಒಂದು ಮಧ್ಯಾಹ್ನ, ಊರಿನ ಆಸ್ಪತ್ರೆಯಲ್ಲಿ ನನಗೆ ಹೆರಿಗೆಯಾಯಿತು. ಹೆಣ್ಣು ಅಂದರು. ಜಗಲಿಯಲ್ಲಿ ಕಾಯುತ್ತಿದ್ದವರ ಗದ್ದಲ ಒಳಗೆ ಕೇಳಿಸುತ್ತಿತ್ತು. ಅದೆಲ್ಲವನ್ನೂ ಮೀರಿಸಿ ಅವಳು ಕಿರುಚಿದಳು. ನಾನು ಹೆತ್ತ ಮಗುವಿನ ದನಿಯನ್ನು ನಾನು ಕೇಳಿದ್ದು ಅದೇ ಮೊದಲು.